120 ಹರ್ಟ್ಸ್‌ನ ಗುಂಯ್‌ಕಾರ: ಬ್ಯಾಕಪ್ ಡ್ರೈವ್ ಆಯ್ಕೆಯ ಒಂದು ಪ್ರಕರಣ ಅಧ್ಯಯನ

ಸನ್ನಿವೇಶ

ನನ್ನ ಸ್ನೇಹಿತರೊಬ್ಬರು ಮನೆಯ ಒಂದು ಕೋಣೆಯಲ್ಲಿ ಧ್ವನಿಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡುವ ಕೆಲಸ ಮಾಡುತ್ತಾರೆ. ಅವರು ಕಳುಹಿಸಿದ ಅಧ್ಯಾಯವೊಂದನ್ನು ಪ್ರಕಾಶಕರು ಒಮ್ಮೆ ಹಿಂತಿರುಗಿಸಿದರು; ಹಿನ್ನೆಲೆಯಲ್ಲಿ ಸಣ್ಣ ಗುಂಯ್‌ಕಾರವೊಂದು ಆಗಾಗ ಶುರುವಾಗಿ ನಿಲ್ಲುತ್ತಿದೆ ಎಂಬುದು ಅವರ ಆಕ್ಷೇಪವಾಗಿತ್ತು. ಅದು ಮೇಜಿನ ಮೇಲಿದ್ದ ಬಾಹ್ಯ ಹಾರ್ಡ್ ಡ್ರೈವ್‌ನ ಸದ್ದೆಂದು ಸ್ನೇಹಿತರೇ ಗುರುತಿಸಿ, ಸದ್ದು ಮಾಡದ, ನಂಬಬಹುದಾದ ಬೇರೊಂದು ಡ್ರೈವ್ ಯಾವುದೆಂದು ನನ್ನನ್ನು ಕೇಳಿದರು. ಆ ಒಂದು ಸಾಲಿನ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಮೂರು ವಾರ ಹಿಡಿಯಿತು. ನಾವು ಹುಡುಕಲು ಹೊರಟದ್ದೇ ಒಂದು, ದಾರಿಯಲ್ಲಿ ಸಿಕ್ಕಿದ್ದೇ ಇನ್ನೊಂದು ಆದ್ದರಿಂದ ನಡೆದದ್ದನ್ನು ಕ್ರಮವಾಗಿ ದಾಖಲಿಸುತ್ತಿದ್ದೇನೆ.

ಹಳೆಯ ಡ್ರೈವ್ 3.5 ಇಂಚಿನದು, 3 ಟೆರಾಬೈಟ್ ಸಾಮರ್ಥ್ಯದ್ದು, ನಿಮಿಷಕ್ಕೆ 7200 ಸುತ್ತು ತಿರುಗುವಂಥದ್ದು, ಪ್ರತ್ಯೇಕ ಅಡಾಪ್ಟರ್‌ನಿಂದ ವಿದ್ಯುತ್ ಪಡೆಯುವಂಥದ್ದು. ಆರು ವರ್ಷಗಳಿಂದ ಅದು ಕಂಪ್ಯೂಟರ್‌ಗೆ ಸದಾ ಜೋಡಿಸಿಕೊಂಡೇ ಇತ್ತು. ಗಂಟೆಗೊಮ್ಮೆ ಬ್ಯಾಕಪ್ ತಂತ್ರಾಂಶ ಅದನ್ನು ಎಬ್ಬಿಸುತ್ತಿತ್ತು, ಕೆಲಸ ಮುಗಿದ ಮೇಲೆ ಅದು ಮತ್ತೆ ಮಲಗುತ್ತಿತ್ತು. ಮೈಕ್‌ನ ತೋಳನ್ನು ಬಿಗಿದದ್ದೂ ಅದೇ ಮರದ ಮೇಜಿಗೆ.

ಸದ್ದಿನ ಮೂಲ

ಹಿಂತಿರುಗಿ ಬಂದ ಅಧ್ಯಾಯವನ್ನು ಆವರ್ತನಗಳ ನಕ್ಷೆಯಲ್ಲಿ ತೆರೆದು ನೋಡಿದೆವು. ಮಾತಿನ ನಡುವಿನ ಮೌನಗಳಲ್ಲೂ 120 ಹರ್ಟ್ಸ್‌ನ ಜಾಗದಲ್ಲಿ ತೆಳ್ಳಗಿನ ನೇರ ಗೆರೆಯೊಂದು ಓಡುತ್ತಿತ್ತು. ಲೆಕ್ಕ ಸರಳವಾದದ್ದು: ನಿಮಿಷಕ್ಕೆ 7200 ಸುತ್ತು ಎಂದರೆ ಸೆಕೆಂಡಿಗೆ 120 ಸುತ್ತು. ಡ್ರೈವ್‌ನೊಳಗೆ ತಿರುಗುವ, ಮಾಹಿತಿ ಬರೆಯುವ ತಟ್ಟೆಗಳ ತೂಕದಲ್ಲಿ ಕೂದಲೆಳೆಯಷ್ಟು ಅಸಮತೋಲನವಿದ್ದರೂ ಪ್ರತಿ ಸುತ್ತಿಗೆ ಒಂದು ನೂಕು ಪೆಟ್ಟಿಗೆಗೆ ತಗಲುತ್ತದೆ, ಪೆಟ್ಟಿಗೆಯಿಂದ ಮೇಜಿಗೆ ಇಳಿಯುತ್ತದೆ, ಮೇಜಿನಿಂದ ಮೈಕ್‌ನ ತೋಳಿಗೆ ಏರುತ್ತದೆ. ನಿಮಿಷಕ್ಕೆ 5400 ಸುತ್ತಿನ ಡ್ರೈವ್ ಆಗಿದ್ದರೆ ಇದೇ ಗೆರೆ 90 ಹರ್ಟ್ಸ್‌ನಲ್ಲಿ ಕಾಣುತ್ತಿತ್ತು.

ಇದನ್ನು ಸೋಸಿ ತೆಗೆಯಬಹುದಲ್ಲವೇ ಎಂಬ ಪ್ರಶ್ನೆ ಸಹಜವಾಗಿಯೇ ಬಂತು. ಗಂಡುದನಿಯ ಮೂಲ ಆವರ್ತನ ಸುಮಾರು 85ರಿಂದ 180 ಹರ್ಟ್ಸ್‌ನೊಳಗೆ ಬರುತ್ತದೆ. ಧ್ವನಿಮುದ್ರಣದಲ್ಲಿ ರೂಢಿಯಲ್ಲಿರುವ, 80 ಹರ್ಟ್ಸ್‌ನಿಂದ ಕೆಳಗಿನದನ್ನು ಕತ್ತರಿಸುವ ಸೋಸಕಕ್ಕೆ ಈ ಗೆರೆ ಸಿಗುವುದಿಲ್ಲ. ಸರಿಯಾಗಿ 120ಕ್ಕೇ ಕತ್ತರಿ ಹಾಕಿದರೆ ಗುಂಯ್‌ಕಾರದ ಜೊತೆಗೆ ದನಿಯ ಗಾತ್ರವೂ ಸೊರಗುತ್ತದೆ. ಹಾಗೆ ಮಾಡಿ ನೋಡಿದೆವು. ಸ್ನೇಹಿತರ ದನಿ ನೆಗಡಿಯಾದವರ ದನಿಯಂತೆ ಕೇಳಿತು.

ಆಮೇಲೆ ಮಾಡಿದ ಒಂದು ಸಣ್ಣ ಪ್ರಯೋಗವೇ ಇಡೀ ಪ್ರಕರಣದ ದಿಕ್ಕನ್ನು ಬದಲಿಸಿತು. ರೆಕಾರ್ಡಿಂಗ್ ನಡೆಯುತ್ತಿರುವಾಗ ಡ್ರೈವ್ ಅನ್ನು ಎರಡೂ ಕೈಗಳಿಂದ ಮೇಜಿನಿಂದ ಮೆಲ್ಲಗೆ, ಬೆರಳೆತ್ತರ ಮಾತ್ರ ಎತ್ತಿ ಹಿಡಿದೆ. ನಕ್ಷೆಯ ಗೆರೆ ಹತ್ತು ಡೆಸಿಬೆಲ್‌ಗೂ ಹೆಚ್ಚು ಇಳಿಯಿತು. ದಪ್ಪ ಸ್ಪಂಜಿನ ತುಂಡಿನ ಮೇಲೆ ಇಟ್ಟಾಗಲೂ ಹೆಚ್ಚುಕಡಿಮೆ ಅದೇ ಫಲಿತಾಂಶ ಬಂತು. ಅಂದರೆ ಮೈಕ್‌ಗೆ ತಲುಪುತ್ತಿದ್ದುದು ಗಾಳಿಯಲ್ಲಿ ಬಂದ ಸದ್ದಿಗಿಂತ ಹೆಚ್ಚಾಗಿ ಮರದಲ್ಲಿ ಹರಿದ ಕಂಪನ. ಡ್ರೈವ್ ತಂತಿಯಾಗಿದ್ದರೆ ಮೇಜು ವೀಣೆಯ ಬುರುಡೆಯಾಗಿತ್ತು ಎನ್ನಬಹುದು. ಹಾಗೆಂದು ಸ್ಪಂಜಿನ ಮೇಲೆ ಕಾಯಂ ಆಗಿ ಬಿಡುವಂತಿರಲಿಲ್ಲ, ಏಕೆಂದರೆ ತಳದಿಂದ ಹೊರಹೋಗಬೇಕಾದ ಬಿಸಿಯನ್ನು ಸ್ಪಂಜು ತಡೆಯುತ್ತದೆ. ಸಿಲಿಕೋನ್ ಗುಂಡಿಗಳಾದರೆ ಆ ತೊಂದರೆ ಇಲ್ಲ.

ಹಾರ್ಡ್ ಡ್ರೈವ್‌ನ ಸದ್ದು ಒಂದೇ ಬಗೆಯದಲ್ಲ. ತಟ್ಟೆ ತಿರುಗುವ ಗುಂಯ್‌ಕಾರ ಒಂದು. ಓದುವ ತಲೆಗಳನ್ನು ಹೊತ್ತ ತೋಳು ಅತ್ತಿಂದಿತ್ತ ಜಿಗಿಯುವಾಗಿನ ಕಟಕಟ ಇನ್ನೊಂದು. ಪೆಟ್ಟಿಗೆಯೊಳಗೆ ಪುಟ್ಟ ಫ್ಯಾನ್ ಇದ್ದರೆ ಅದರ ಶಬ್ದ ಮೂರನೆಯದು, ಮತ್ತು ಬಹಳ ಸಲ ಅದೇ ಎಲ್ಲಕ್ಕಿಂತ ಜೋರು. ಹಿಂದೆ ಬಾಲ್ ಬೇರಿಂಗ್ ಇದ್ದ ಜಾಗಕ್ಕೆ ದ್ರವ ಬೇರಿಂಗ್ ಬಂದ ಮೇಲೆ ಮೊದಲನೆಯ ಸದ್ದು ತುಂಬಾ ತಗ್ಗಿದೆ. ಎರಡನೆಯದನ್ನು ತಗ್ಗಿಸಲು, ತೋಳಿನ ವೇಗವನ್ನು ಬಳಕೆದಾರರೇ ಇಳಿಸಬಹುದಾದ ಒಂದು ಸೌಲಭ್ಯ ಹಳೆಯ ಡ್ರೈವ್‌ಗಳಲ್ಲಿತ್ತು. ಈಗಿನವುಗಳಲ್ಲಿ ಅದು ಬಹುತೇಕ ಕಾಣೆಯಾಗಿರುವುದು ನನಗೆ ನಿಜಕ್ಕೂ ಬೇಸರದ ಸಂಗತಿ. ತಯಾರಕರ ವಿವರಪತ್ರಗಳಲ್ಲಿ ಸದ್ದನ್ನು ಕೆಲವರು ಡೆಸಿಬೆಲ್‌ನಲ್ಲಿ, ಕೆಲವರು ಬೆಲ್‌ನಲ್ಲಿ ಕೊಡುತ್ತಾರೆ. ಒಂದು ಬೆಲ್ ಎಂದರೆ ಹತ್ತು ಡೆಸಿಬೆಲ್. ಆದರೆ ಆ ಅಂಕಿ ಮೂಲದಿಂದ ಹೊರಡುವ ಧ್ವನಿಶಕ್ತಿಯದೇ ಹೊರತು ನಮ್ಮ ಕಿವಿಯ ಬಳಿಯ ಒತ್ತಡದ್ದಲ್ಲ, ಅದನ್ನು ಅಳೆಯುವುದೂ ಬಿಡಿ ಡ್ರೈವ್‌ನ ಮೇಲೆಯೇ. ಪೆಟ್ಟಿಗೆ, ಮೇಜು, ಗೋಡೆ ಸೇರಿದ ಮೇಲೆ ಏನಾಗುತ್ತದೆಂದು ಅದು ಹೇಳಲಾರದು. ಪೆಟ್ಟಿಗೆ ಸಮೇತ ಮಾರುವ ಬಾಹ್ಯ ಡ್ರೈವ್‌ಗಳಿಗಂತೂ ಹೆಚ್ಚಿನ ಸಲ ಈ ಅಂಕಿಯೇ ಇರುವುದಿಲ್ಲ.

ಹಳೆಯ ಡಿಸ್ಕ್‌ನೊಳಗೆ ಕಂಡದ್ದು

ಇಲ್ಲಿಯವರೆಗೆ ಇದು ಸದ್ದಿನ ಪ್ರಕರಣವಷ್ಟೇ ಆಗಿತ್ತು. ಹೊಸದನ್ನು ಆರಿಸುವ ಮೊದಲು ಹಳೆಯದರ ಸ್ಥಿತಿ ತಿಳಿದಿರಲಿ ಎಂದು ಸ್ಮಾರ್ಟ್‌ಮಾನ್‌ಟೂಲ್ಸ್ ಎಂಬ ಉಚಿತ ತಂತ್ರಾಂಶದಿಂದ ಅದರ ಸ್ಮಾರ್ಟ್ ದಾಖಲೆಯನ್ನು ಓದಿದೆ. ಡ್ರೈವ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ ಅದು. ಅದರಲ್ಲಿ ನಾನು ಮೊದಲು ನೋಡುವುದು 5, 197, 198 ಎಂಬ ಮೂರು ಸಾಲುಗಳನ್ನು. 5ನೆಯದು ಕೆಟ್ಟು ಬದಲಿ ಜಾಗಕ್ಕೆ ಸ್ಥಳಾಂತರಗೊಂಡ ಸೆಕ್ಟರ್‌ಗಳ, ಅಂದರೆ ತಟ್ಟೆಯ ಮೇಲೆ ಮಾಹಿತಿ ಬರೆಯುವ ಪುಟ್ಟ ಖಾನೆಗಳ, ಸಂಖ್ಯೆ. 197ನೆಯದು ಓದಲಾಗದೆ, ತೀರ್ಮಾನಕ್ಕೆ ಕಾಯುತ್ತಿರುವ ಸೆಕ್ಟರ್‌ಗಳ ಸಂಖ್ಯೆ. 198ನೆಯದು ಡ್ರೈವ್ ತಾನಾಗಿ ನಡೆಸುವ ತಪಾಸಣೆಯಲ್ಲಿ ಸರಿಪಡಿಸಲಾಗದವು. ಈ ಡ್ರೈವ್‌ನಲ್ಲಿ 5ನೆಯ ಸಾಲು ಸೊನ್ನೆ, 197ನೆಯದು 8 ಎಂದಿತ್ತು.

ಎಂಟು ಎಂದರೆ ಹೆಚ್ಚೇನಲ್ಲ ಎಂದು ಸ್ನೇಹಿತರು ಭಾವಿಸಿದರು. ಈಗಿನ ಡ್ರೈವ್‌ಗಳ ಒಂದು ಭೌತಿಕ ಸೆಕ್ಟರ್ 4096 ಬೈಟ್‌ನದು. ಹೊರಗಿನ ಲೆಕ್ಕಕ್ಕೆ ಅದು 512 ಬೈಟ್‌ನ ಎಂಟು ಸೆಕ್ಟರ್‌ಗಳಾಗಿ ತೋರುತ್ತದೆ. ಹಾಗಾಗಿ ನಿಜವಾಗಿ ಕೆಟ್ಟಿದ್ದು ಒಂದೇ ಸೆಕ್ಟರ್. ಆದರೆ ಆ ಒಂದನ್ನು ಹಗುರವಾಗಿ ಕಾಣುವಂತಿಲ್ಲ. ಒಂದು ಲಕ್ಷಕ್ಕೂ ಹೆಚ್ಚು ಡ್ರೈವ್‌ಗಳನ್ನು ಗಮನಿಸಿ ಗೂಗಲ್‌ನ ಎಂಜಿನಿಯರ್‌ಗಳು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಅನುಮಾನದ ಪಟ್ಟಿಗೆ ಮೊದಲ ಸೆಕ್ಟರ್ ಸೇರಿದ ಡ್ರೈವ್ ಮುಂದಿನ 60 ದಿನಗಳಲ್ಲಿ ಕೈಕೊಡುವ ಸಾಧ್ಯತೆ, ಅಂಥ ಗುರುತಿಲ್ಲದ ಡ್ರೈವ್‌ಗಿಂತ 16 ಪಟ್ಟು ಹೆಚ್ಚೆಂದು ಕಂಡುಬಂದಿತ್ತು. ಅದೇ ಅಧ್ಯಯನ ಹೇಳಿದ ಇನ್ನೊಂದು ಮಾತು ಇದಕ್ಕಿಂತಲೂ ಮುಖ್ಯವೆಂದು ನನಗೆ ತೋರುತ್ತದೆ: ಕೆಟ್ಟುಹೋದ ಡ್ರೈವ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು, ಅಂದರೆ ಶೇಕಡ 56ರಷ್ಟು, ಇಂಥ ಪ್ರಬಲ ಮುನ್ಸೂಚನೆಗಳಲ್ಲಿ ಒಂದನ್ನೂ ಕೊಡದೆಯೇ ಕೆಟ್ಟಿದ್ದವು. ಸ್ಮಾರ್ಟ್ ದಾಖಲೆಯಲ್ಲಿ ಕೆಟ್ಟ ಸುದ್ದಿ ಬಂದರೆ ನಂಬಬೇಕು, ಸುದ್ದಿಯೇ ಇಲ್ಲವೆಂದು ನಿಶ್ಚಿಂತರಾಗಬಾರದು.

ನಾನು ಡ್ರೈವ್ ಅನ್ನು ತಕ್ಷಣ ಬಂದ್ ಮಾಡಲು ಹೇಳಿ, ಅದರಲ್ಲಿರುವುದೆಲ್ಲ ಕಂಪ್ಯೂಟರ್‌ನಲ್ಲೂ ಇದೆ ತಾನೇ ಎಂದು ಕೇಳಿದೆ. ಸ್ನೇಹಿತರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಡ್ರೈವ್‌ನಲ್ಲಿದ್ದುದು ಒಟ್ಟು 1.4 ಟೆರಾಬೈಟ್. ಅದರಲ್ಲಿ ಅರ್ಧ ಟೆರಾಬೈಟ್ ಮಾತ್ರ ಕಂಪ್ಯೂಟರ್‌ನಲ್ಲಿತ್ತು. ಮಿಕ್ಕ 900 ಗಿಗಾಬೈಟ್, ಮುಗಿದ ಪುಸ್ತಕಗಳ ಮೂಲ ಧ್ವನಿಮುದ್ರಣ ಮತ್ತು ಸಂಕಲನದ ಕಡತಗಳು, ಕಂಪ್ಯೂಟರ್‌ನಲ್ಲಿ ಜಾಗ ಸಾಲದೆ ಅಳಿಸಿದ್ದರಿಂದ ಈ ಡಿಸ್ಕ್‌ನಲ್ಲಿ ಮಾತ್ರ ಉಳಿದಿದ್ದವು. ಬ್ಯಾಕಪ್ ಡ್ರೈವ್ ಎಂಬ ಹೆಸರಿನಲ್ಲಿ ಆರು ವರ್ಷ ಮೇಜಿನ ಮೇಲಿದ್ದುದು ಬಹುಪಾಲು ಮಟ್ಟಿಗೆ ಏಕೈಕ ಪ್ರತಿಯಾಗಿತ್ತು. ಇದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ: ಮೊದಲು ನಕಲು ಮಾಡುತ್ತಾರೆ, ನಕಲಿದೆಯೆಂಬ ಧೈರ್ಯದಲ್ಲಿ ಮೂಲವನ್ನು ಅಳಿಸುತ್ತಾರೆ, ಆ ಕ್ಷಣದಿಂದ ನಕಲು ನಕಲಾಗಿ ಉಳಿಯುವುದಿಲ್ಲ.

ಪ್ರಶ್ನೆಯೇ ಬದಲಾಯಿತು. ಸದ್ದಿಲ್ಲದ ಡ್ರೈವ್ ಯಾವುದೆಂದು ಕೇಳಬಹುದು, ಅದಕ್ಕೆ ಉತ್ತರವಿದೆ. ನಂಬಬಹುದಾದ ಡ್ರೈವ್ ಯಾವುದೆಂದರೆ, ಒಂದೇ ಡ್ರೈವ್ ಆಗಿರುವವರೆಗೆ ಯಾವುದೂ ಅಲ್ಲ. ಒಳ್ಳೆಯ ಮಾದರಿಗಳಲ್ಲೂ ವರ್ಷಕ್ಕೆ ನೂರರಲ್ಲಿ ಒಂದರಷ್ಟು ಕೆಡುವುದು ಸಾಮಾನ್ಯವೆಂದು, ಆನ್‌ಲೈನ್ ಬ್ಯಾಕಪ್ ಸೇವೆ ಕೊಡುವ ಬ್ಯಾಕ್‌ಬ್ಲೇಜ್ ಸಂಸ್ಥೆ ತನ್ನ ದತ್ತಾಂಶ ಕೇಂದ್ರಗಳ ಡ್ರೈವ್‌ಗಳ ಬಗ್ಗೆ ವರ್ಷಗಳಿಂದ ಪ್ರಕಟಿಸುತ್ತಿರುವ ಅಂಕಿಅಂಶಗಳಿಂದ ತಿಳಿಯುತ್ತದೆ. ಆ ಒಂದು ನಮ್ಮದೇ ಆಗಬಹುದು. ವಾರಂಟಿಯ ವರ್ಷಗಳನ್ನು ಸ್ನೇಹಿತರು ಭರವಸೆಯೆಂದು ಓದುತ್ತಿದ್ದರು. ವಾರಂಟಿಯಲ್ಲಿ ಮರಳಿ ಬರುವುದು ಡ್ರೈವ್ ಮಾತ್ರ, ಅದರೊಳಗಿನ ಪುಸ್ತಕಗಳಲ್ಲ.

ಆಯ್ಕೆ

ಗಂಟೆಗೆ ಎಷ್ಟು ಜಾಗ ಬೇಕೆಂಬುದನ್ನು ಮೊದಲು ಲೆಕ್ಕ ಹಾಕಿದೆವು. 48 ಕಿಲೋಹರ್ಟ್ಸ್, 24 ಬಿಟ್, ಒಂದೇ ಚಾನೆಲ್‌ನ ಧ್ವನಿ ಸೆಕೆಂಡಿಗೆ 144 ಕಿಲೋಬೈಟ್, ಗಂಟೆಗೆ ಸುಮಾರು 518 ಮೆಗಾಬೈಟ್ ತೆಗೆದುಕೊಳ್ಳುತ್ತದೆ. ತಪ್ಪಿ ಮತ್ತೆ ಓದಿದ್ದೂ ಸೇರಿ ಒಂದು ಪುಸ್ತಕಕ್ಕೆ ಮೂವತ್ತು ಗಂಟೆ ಧ್ವನಿ, ಅದರ ಮೇಲೆ ಸಂಕಲನದ ಹಂತಗಳು; ವರ್ಷಕ್ಕೆ ಹತ್ತು ಪುಸ್ತಕವೆಂದರೆ 300 ಗಿಗಾಬೈಟ್. ಹಾಗಾಗಿ 4 ಟೆರಾಬೈಟ್ ಸಾಕು ಎಂದಾಯಿತು. ಕೆಲವು ಕಂಪ್ಯೂಟರ್‌ಗಳಲ್ಲಿ ಅದು 3.63 ಎಂದು ಕಾಣುವುದು ಕೊರತೆಯಲ್ಲ, ಎಣಿಕೆಯ ಪದ್ಧತಿ ಬೇರೆ ಅಷ್ಟೆ.

ಹೀಲಿಯಂ ತುಂಬಿದ ದೊಡ್ಡ 3.5 ಇಂಚಿನ ಡ್ರೈವ್‌ಗಳನ್ನು ಪರಿಗಣಿಸಿ ಬಿಟ್ಟೆವು. ಹೀಲಿಯಂನ ಸಾಂದ್ರತೆ ಗಾಳಿಯ ಏಳನೆಯ ಒಂದು ಭಾಗದಷ್ಟಿರುವುದರಿಂದ ಒಳಗಿನ ಗಾಳಿಯ ಎಳೆತ ಕಡಿಮೆ, ನಿಜ. ಆದರೆ ದತ್ತಾಂಶ ಕೇಂದ್ರಗಳಿಗಾಗಿ ರೂಪಿಸಿದ ಆ ಡ್ರೈವ್‌ಗಳ ತೋಳಿನ ಕಟಕಟ ಜೋರಾಗಿಯೇ ಇರುತ್ತದೆ, ಕೆಲವು ಮಾದರಿಗಳಂತೂ ಸುಮ್ಮನಿರುವಾಗಲೂ ಐದು ಸೆಕೆಂಡಿಗೊಮ್ಮೆ ಸಣ್ಣದಾಗಿ ಸದ್ದು ಮಾಡುತ್ತವೆ. ಎರಡು ಡ್ರೈವ್ ಹಿಡಿಸುವ, ಒಂದೇ ಮಾಹಿತಿಯನ್ನು ಎರಡಕ್ಕೂ ಒಟ್ಟಿಗೆ ಬರೆಯುವ ರೇಡ್ ಪೆಟ್ಟಿಗೆಯನ್ನೂ ಬಿಟ್ಟೆವು: ಅದರಲ್ಲಿ ಸಾಮಾನ್ಯವಾಗಿ ಫ್ಯಾನ್ ಇರುತ್ತದೆ, ಮತ್ತು ತಪ್ಪಾಗಿ ಅಳಿಸಿದ ಕಡತವನ್ನು ಅದು ಎರಡೂ ಡ್ರೈವ್‌ಗಳಿಂದ ಒಂದೇ ಗಳಿಗೆಯಲ್ಲಿ ಅಳಿಸುತ್ತದೆ.

ತಟ್ಟೆಯ ಬದಲು ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿಯ ಬಗ್ಗೆ ಹೆಚ್ಚು ಚರ್ಚೆಯಾಯಿತು, ಏಕೆಂದರೆ ಸದ್ದಿನ ಮಟ್ಟಿಗೆ ಅದಕ್ಕೆ ಸಮನಾದುದಿಲ್ಲ. ತಿರುಗುವ ಭಾಗವೇ ಇಲ್ಲ. ಎಲ್ಲವನ್ನೂ ಎಸ್‌ಎಸ್‌ಡಿಗೇ ಹಾಕಬಾರದೇಕೆ ಎಂದು ಸ್ನೇಹಿತರು ಕೇಳಿದ್ದು ನ್ಯಾಯವಾದ ಪ್ರಶ್ನೆ. 4 ಟೆರಾಬೈಟ್‌ನ ಎಸ್‌ಎಸ್‌ಡಿ ಎರಡು ಕೊಳ್ಳುವ ಹಣದಲ್ಲಿ ಹಾರ್ಡ್ ಡ್ರೈವ್‌ಗಳು ಅದಕ್ಕಿಂತ ಹೆಚ್ಚು ಬರುತ್ತವೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣ, ಎಸ್‌ಎಸ್‌ಡಿಯಲ್ಲಿ ಮಾಹಿತಿ ಉಳಿಯುವುದು ವಿದ್ಯುದಂಶವಾಗಿ. ವಿದ್ಯುತ್ ಸಂಪರ್ಕವಿಲ್ಲದೆ ಬಹುಕಾಲ ಬಿಟ್ಟರೆ ಅದು ಮೆಲ್ಲಗೆ ಸೋರುತ್ತದೆ. ಚಿಪ್ ಉದ್ಯಮಕ್ಕೆ ಮಾನದಂಡ ರೂಪಿಸುವ ಜೆಡೆಕ್ ಸಂಸ್ಥೆಯ ಮಾನದಂಡದ ಪ್ರಕಾರ ಗ್ರಾಹಕ ಬಳಕೆಯ ಎಸ್‌ಎಸ್‌ಡಿ, ತನಗೆ ನಿಗದಿಯಾದ ಬರವಣಿಗೆಯ ಮಿತಿಯನ್ನು ಪೂರ್ತಿ ಬಳಸಿದ ಮೇಲೂ, 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ವಿದ್ಯುತ್ ಇಲ್ಲದೆ ಒಂದು ವರ್ಷ ಮಾಹಿತಿಯನ್ನು ಉಳಿಸಿಕೊಳ್ಳಬೇಕು. ಹೊಸ ಎಸ್‌ಎಸ್‌ಡಿ ಇದಕ್ಕಿಂತ ಎಷ್ಟೋ ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆ. ಹಾಗಿದ್ದರೂ ಬೀರುವಿನಲ್ಲಿ ಮಲಗುವ ಪ್ರತಿಗೆ ನಾನು ಕಾಂತೀಯ ತಟ್ಟೆಯನ್ನೇ ಇಷ್ಟಪಡುತ್ತೇನೆ, ಸದಾ ಜೋಡಿಸಿಕೊಂಡಿರುವುದಕ್ಕೆ ಎಸ್‌ಎಸ್‌ಡಿಯನ್ನು.

ಕೊನೆಗೆ ಗೊತ್ತಾದ ವ್ಯವಸ್ಥೆ ಹೀಗಿದೆ. ಪ್ರಸ್ತುತ ಕೆಲಸಗಳಿಗಾಗಿ 1 ಟೆರಾಬೈಟ್‌ನ ಒಂದು ಎಸ್‌ಎಸ್‌ಡಿ ಸದಾ ಜೋಡಿಸಿಕೊಂಡಿರುತ್ತದೆ. ಗಂಟೆಗೊಮ್ಮೆಯ ಬ್ಯಾಕಪ್ ಅದಕ್ಕೆ. ಸಂಪೂರ್ಣ ಸಂಗ್ರಹಕ್ಕೆ 2.5 ಇಂಚಿನ, 4 ಟೆರಾಬೈಟ್‌ನ, ಬೇರೆ ಬೇರೆ ತಯಾರಕರ ಎರಡು ಹಾರ್ಡ್ ಡ್ರೈವ್‌ಗಳು. ವಾರಕ್ಕೊಮ್ಮೆ ಅವುಗಳಲ್ಲಿ ಒಂದನ್ನು, ರೆಕಾರ್ಡಿಂಗ್ ಮುಗಿದ ಮೇಲೆ ಮಾತ್ರ ಜೋಡಿಸುವುದು. ಇನ್ನೊಂದು ಸ್ನೇಹಿತರ ತಂಗಿಯ ಮನೆಯಲ್ಲಿರುವುದು. ಮುಂದಿನ ವಾರ ಅದಲುಬದಲು. 2.5 ಇಂಚಿನ ಡ್ರೈವ್‌ನ ತಟ್ಟೆ ಚಿಕ್ಕದು, ವೇಗ ಕಡಿಮೆ, ಒಟ್ಟು ತೂಕವೂ ಕಡಿಮೆ ಆದ್ದರಿಂದ ಕಂಪನ ಹುಟ್ಟುವುದೇ ಅಲ್ಪ, ಫ್ಯಾನ್ ಬೇಕಿಲ್ಲ. ರೆಕಾರ್ಡಿಂಗ್ ವೇಳೆಯಲ್ಲಿ ಅದು ತಿರುಗುವುದೇ ಇಲ್ಲವಾದ್ದರಿಂದ ಮೈಕ್‌ನ ಪ್ರಶ್ನೆ ಉಳಿಯಲಿಲ್ಲ. ರಾತ್ರಿ ಅದೇ ಕೋಣೆಯಲ್ಲಿ ಸಂಕಲನಕ್ಕೆ ಕೂರುವ ಸ್ನೇಹಿತರಿಗಾಗಿ ಸಿಲಿಕೋನ್ ಗುಂಡಿಗಳನ್ನು ಮಾತ್ರ ತಳಕ್ಕೆ ಅಂಟಿಸಿದೆವು.

ಈ ಗಾತ್ರದ ಡ್ರೈವ್‌ಗಳಲ್ಲಿ ಹೆಚ್ಚಿನವು ಎಸ್‌ಎಂಆರ್ ವಿಧಾನದವು, ಇದನ್ನು ತಿಳಿದೇ ಕೊಂಡೆವು. ಮನೆಯ ಮಾಡಿಗೆ ಹೆಂಚು ಹೊದಿಸಿದಂತೆ ಒಂದು ಸುತ್ತುಗೆರೆಯ ಅಂಚಿನ ಮೇಲೆ ಇನ್ನೊಂದು ಬರುವ ಹಾಗೆ ಬರೆಯುವ ವಿಧಾನವದು. ನಡುವಿನ ಒಂದು ಹೆಂಚು ಬದಲಿಸಬೇಕಾದರೆ ಮೇಲಿನವುಗಳನ್ನೂ ಎತ್ತಬೇಕಾಗುವಂತೆ, ಇಲ್ಲಿ ಹಳೆಯದರ ಮೇಲೆ ತಿದ್ದಿ ಬರೆಯುವುದು ನಿಧಾನ. ಹೊಸದನ್ನು ಸಾಲಾಗಿ ಸೇರಿಸುತ್ತ ಹೋದರೆ ಅಡ್ಡಿಯಿಲ್ಲ. ನಾವು ಬಳಸುವ ರೆಸ್ಟಿಕ್ ಎಂಬ ಬ್ಯಾಕಪ್ ತಂತ್ರಾಂಶ ಹೊಸ ಬದಲಾವಣೆಗಳನ್ನು ಹೊಸ ಕಡತಗಳಾಗಿಯೇ ಸೇರಿಸುವುದರಿಂದ, ಹಳೆಯ ಆವೃತ್ತಿಗಳನ್ನು ತೆಗೆದು ಜಾಗ ಬಿಡಿಸುವ ದಿನ ಬಿಟ್ಟರೆ ಈ ನಿಧಾನ ಗೊತ್ತಾಗುವುದಿಲ್ಲ. ಇನ್ನೊಂದು ಮಿತಿಯನ್ನೂ ಒಪ್ಪಿಕೊಂಡೆವು. ಕೆಲವು ಪುಟ್ಟ ಡ್ರೈವ್‌ಗಳಲ್ಲಿ ಯುಎಸ್‌ಬಿ ಕಂಡಿ ಡ್ರೈವ್‌ನ ಸ್ವಂತ ಫಲಕಕ್ಕೇ ಬೆಸುಗೆಯಾಗಿರುತ್ತದೆ. ಆ ಕಂಡಿ ಮುರಿದರೆ ಡಿಸ್ಕನ್ನು ಬೇರೊಂದು ಪೆಟ್ಟಿಗೆಗೆ ಹಾಕಿ ಓದಲು ಬರುವುದಿಲ್ಲ. ಒಂದೇ ಪ್ರತಿ ಇರುವವರು ಇದಕ್ಕೆ ಹೆದರಬೇಕು.

ಪರೀಕ್ಷೆ, ಮತ್ತು ಹಳೆಯದರಿಂದ ಬಿಡಿಸಿಕೊಂಡದ್ದು

ಸಾಯುತ್ತಿರುವ ಡಿಸ್ಕ್‌ನಿಂದ ಪರೀಕ್ಷಿಸದ ಡಿಸ್ಕ್‌ಗೆ ನಕಲು ಮಾಡುವುದು ನನಗೆ ಸರಿಕಾಣಲಿಲ್ಲ. ಹಳೆಯದನ್ನು ಬಂದ್ ಮಾಡಿಯೇ ಇಟ್ಟು, ಹೊಸ ಎರಡನ್ನೂ ಮೊದಲು ಅಂಚಿನವರೆಗೆ ತುಂಬಿ, ತುಂಬಿದ್ದನ್ನೆಲ್ಲ ಓದಿ ಹೋಲಿಸಿದೆವು. ಸೆಕೆಂಡಿಗೆ ಸರಾಸರಿ 100 ಮೆಗಾಬೈಟ್ ವೇಗದಲ್ಲಿ 4 ಟೆರಾಬೈಟ್ ಬರೆಯಲು ಹನ್ನೊಂದು ಗಂಟೆ, ಓದಲು ಮತ್ತೆ ಅಷ್ಟೇ. ಮೊದಲನೆಯದು ಸರಾಗವಾಗಿ ಮುಗಿಯಿತು. ಎರಡನೆಯದು ಆರನೆಯ ಗಂಟೆಯಲ್ಲಿ ಸಂಪರ್ಕ ಕಡಿದುಕೊಂಡಿತು, ಮತ್ತೆ ಶುರು ಮಾಡಿದರೆ ಮತ್ತೆ ಕಡಿದುಕೊಂಡಿತು. ಹಿಂತಿರುಗಿಸುವ ಮಾತಾಗುತ್ತಿದ್ದಾಗ, ಅದನ್ನು ಜೋಡಿಸಿದ್ದು ಸ್ವಂತ ವಿದ್ಯುತ್ ಇಲ್ಲದ ಯುಎಸ್‌ಬಿ ಹಬ್‌ಗೆ, ಅದೂ ಉದ್ದನೆಯ ಕೇಬಲ್‌ನಿಂದ ಎಂಬುದು ಕಣ್ಣಿಗೆ ಬಿತ್ತು. ಯುಎಸ್‌ಬಿ 3.0 ಕಂಡಿಯೊಂದು 5 ವೋಲ್ಟ್‌ನಲ್ಲಿ 900 ಮಿಲಿಆಂಪಿಯರ್ ಕೊಡುವಂತೆ ನಿಗದಿಯಾಗಿದೆ. ಹಬ್‌ನಲ್ಲಿ ಆ ಪಾಲನ್ನೇ ಕೀಬೋರ್ಡೂ ಧ್ವನಿ ಸಾಧನವೂ ಹಂಚಿಕೊಳ್ಳುತ್ತಿದ್ದವು. ಗಿಡ್ಡ ಕೇಬಲ್‌ನಿಂದ ಕಂಪ್ಯೂಟರ್‌ಗೇ ನೇರವಾಗಿ ಜೋಡಿಸಿದ ಮೇಲೆ ಪರೀಕ್ಷೆ ಒಂದೂ ದೋಷವಿಲ್ಲದೆ ಮುಗಿಯಿತು. ಕೆಟ್ಟ ಡ್ರೈವ್ ಎಂದು ದೂರುವ ಎಷ್ಟೋ ಕಡೆ ಕೆಟ್ಟಿರುವುದು ಕೇಬಲ್ ಆಗಿರುತ್ತದೆ. ಸ್ಮಾರ್ಟ್‌ನ 199ನೆಯ ಸಾಲು ಪೆಟ್ಟಿಗೆಯೊಳಗಿನ ಸಂಪರ್ಕದ ದೋಷಗಳನ್ನಷ್ಟೇ ಎಣಿಸುವುದರಿಂದ, ಹೊರಗಿನ ಯುಎಸ್‌ಬಿ ಕೇಬಲ್‌ನ ತಪ್ಪು ಅಲ್ಲಿ ದಾಖಲಾಗುವುದೂ ಇಲ್ಲ.

ನಂತರ ಹಳೆಯ ಡ್ರೈವ್ ಅನ್ನು ಕಡೆಯ ಬಾರಿಗೆ ಚಾಲೂ ಮಾಡಿ, ಡಿಡಿರೆಸ್ಕ್ಯೂ ಎಂಬ ತಂತ್ರಾಂಶದಿಂದ ಪೂರ್ತಿ ಪ್ರತಿಬಿಂಬ, ಅಂದರೆ ಸೆಕ್ಟರ್‌ಗೆ ಸೆಕ್ಟರ್ ನಕಲು, ತೆಗೆದೆವು. ಚೆನ್ನಾಗಿರುವ ಭಾಗಗಳನ್ನು ಮೊದಲು ಓದಿ ಮುಗಿಸಿ, ಕೆಟ್ಟ ಜಾಗಗಳಿಗೆ ಆಮೇಲೆ ಹಿಂದಿರುಗುವುದು ಅದರ ಕ್ರಮ. ಸಾಮಾನ್ಯ ನಕಲಿನಂತೆ ಮೊದಲ ಕೆಟ್ಟ ಸೆಕ್ಟರ್‌ನಲ್ಲೇ ತಲೆ ಚಚ್ಚಿಕೊಳ್ಳುವುದಿಲ್ಲ. ಏಳು ಗಂಟೆಯ ನಂತರ 197ನೆಯ ಸಾಲು 8ರಿಂದ 24ಕ್ಕೆ ಏರಿತ್ತು, ಓದಲಾಗದೆ ಉಳಿದದ್ದು 12,288 ಬೈಟ್, ಅಂದರೆ ಮೂರು ಭೌತಿಕ ಸೆಕ್ಟರ್. ಅವು ಎರಡು ಕಡತಗಳಲ್ಲಿ ಬಿದ್ದಿದ್ದವು. ಒಂದು ಸೆಕ್ಟರ್ ಸಂಕುಚಿಸದ ಮೂಲ ಧ್ವನಿಯ ಕಡತದಲ್ಲಿತ್ತು: 4096 ಬೈಟ್ ಎಂದರೆ 28 ಮಿಲಿಸೆಕೆಂಡ್ ಮಾತು. ಒಂದು ಅಕ್ಷರದ ಚೂರು ಹೋಗಿತ್ತು. ಸ್ನೇಹಿತರು ಆ ಒಂದು ವಾಕ್ಯವನ್ನು ಮತ್ತೆ ಓದಿ ಸೇರಿಸಿದರು. ಉಳಿದೆರಡು ಒಂದು ಪುಸ್ತಕದ ಸಂಕಲನ ಕಡತದಲ್ಲಿದ್ದವು, ಆ ಕಡತ ತೆರೆಯಲೇ ಇಲ್ಲ. ಕಳೆದುಹೋದ ಬೈಟ್‌ಗಳು ಎಷ್ಟೆಂಬುದಕ್ಕಿಂತ ಎಲ್ಲಿ ಕಳೆದವು ಎಂಬುದು ಹೇಗೆ ನಿರ್ಣಾಯಕವಾಗುತ್ತದೆಂದು ಇಷ್ಟು ಸ್ಪಷ್ಟವಾಗಿ ನಾನು ಹಿಂದೆ ಕಂಡಿರಲಿಲ್ಲ. ಆ ಪುಸ್ತಕದ ಅಂತಿಮ ರೂಪ ಪ್ರಕಾಶಕರಲ್ಲಿದ್ದುದರಿಂದ ನಷ್ಟ ಅಲ್ಲಿಗೇ ನಿಂತಿತು.

ಹದಿನಾಲ್ಕು ತಿಂಗಳ ನಂತರ

ಮೊದಲ ವಾರವೇ ಒಂದು ಹೊಸ ಸದ್ದಿನ ದೂರು ಬಂತು: ಹಾರ್ಡ್ ಡ್ರೈವ್ ಸುಮ್ಮನಿರುವಾಗಲೂ ಟಿಕ್ ಎನ್ನುತ್ತಿದೆ ಎಂದು. ಅದು ಬಿಡುವು ಸಿಕ್ಕಾಗಲೆಲ್ಲ ತಲೆಗಳನ್ನು ತಟ್ಟೆಯಿಂದ ಆಚೆ ತಂಗುದಾಣಕ್ಕೆ ಸರಿಸುವ ಸದ್ದು. ಆ ಎಣಿಕೆಯಿರುವ 193ನೆಯ ಸಾಲು ಒಂದೇ ಸಂಜೆಯಲ್ಲಿ ನೂರಕ್ಕೂ ಹೆಚ್ಚು ಏರಿತ್ತು, ಏಕೆಂದರೆ ಕಡತಗಳನ್ನು ಬೇಗ ಹುಡುಕಲೆಂದು ಕಂಪ್ಯೂಟರ್ ತಯಾರಿಸಿಕೊಳ್ಳುವ ಹುಡುಕಾಟ ಸೂಚಿ ಆ ಡ್ರೈವ್ ಅನ್ನು ಮತ್ತೆ ಮತ್ತೆ ತಡವಿ ಎಬ್ಬಿಸುತ್ತಿತ್ತು. ಸೂಚಿಯಿಂದ ಈ ಎರಡು ಡ್ರೈವ್‌ಗಳನ್ನು ಹೊರಗಿಟ್ಟೆವು, ಬ್ಯಾಕಪ್ ಮುಗಿದ ಕೂಡಲೇ ಸುರಕ್ಷಿತವಾಗಿ ಕಳಚುವ ರೂಢಿ ಮಾಡಿಕೊಂಡೆವು, ದೂರು ನಿಂತಿತು.

ಮೂರು ತಿಂಗಳಿಗೊಮ್ಮೆ ಒಂದು ಪುಸ್ತಕವನ್ನು ಬೇರೊಂದು ಕಂಪ್ಯೂಟರ್‌ಗೆ ಮರುಸ್ಥಾಪಿಸಿ ನೋಡುತ್ತೇವೆ. ಮೊದಲ ಸಲ ಕಡತಗಳೆಲ್ಲ ಬೈಟ್ ತಪ್ಪದೆ ಬಂದವು, ಆದರೆ ಸಂಕಲನ ತೆರೆದಾಗ ಧ್ವನಿ ಬೇರೆಯಾಗಿ ಕೇಳಿತು: ಸ್ನೇಹಿತರು ವರ್ಷಗಳಿಂದ ತಿದ್ದಿಕೊಂಡು ಬಂದ ಸೋಸಕಗಳ ಹೊಂದಾಣಿಕೆಗಳು ಬೇರೊಂದು ಫೋಲ್ಡರ್‌ನಲ್ಲಿದ್ದು ಬ್ಯಾಕಪ್ ಪಟ್ಟಿಗೆ ಸೇರಿರಲೇ ಇಲ್ಲ. ಅದನ್ನು ಸೇರಿಸಿದೆವು. ರೆಸ್ಟಿಕ್ ಎಲ್ಲವನ್ನೂ ಗೂಢಲಿಪಿಯಲ್ಲಿ ಇಡುವುದರಿಂದ ಅದರ ಗುಪ್ತಪದವನ್ನು ಕಾಗದದಲ್ಲಿ ಬರೆದು, ಡ್ರೈವ್‌ಗಳಿಂದ ದೂರ, ಎರಡು ಕಡೆ ಇರಿಸಲಾಗಿದೆ.

ಈಗ ಒಟ್ಟು ಸಂಗ್ರಹ 1.8 ಟೆರಾಬೈಟ್ ಸಮೀಪಿಸಿದೆ. ಎರಡೂ ಡ್ರೈವ್‌ಗಳ 5, 197, 198ನೆಯ ಸಾಲುಗಳು ಸೊನ್ನೆಯಲ್ಲೇ ಇವೆ. ಮೌನದ ಭಾಗಗಳ ನಕ್ಷೆಯಲ್ಲಿ 120ರ ಗೆರೆ ಇಲ್ಲ. ಜಾಗ ಇನ್ನೂ ಏಳು ವರ್ಷಕ್ಕೆ ಸಾಲುತ್ತದಾದರೂ ಅಲ್ಲಿಯವರೆಗೆ ಕಾಯುವ ಉದ್ದೇಶ ನಮಗಿಲ್ಲ. ಎರಡೂ ಒಂದೇ ವಯಸ್ಸಿನಲ್ಲಿ ಮುಪ್ಪಾಗದಿರಲೆಂದು ಒಂದನ್ನು ಮೂರನೆಯ ವರ್ಷದಲ್ಲಿ, ಇನ್ನೊಂದನ್ನು ಐದನೆಯ ವರ್ಷದಲ್ಲಿ ಬದಲಿಸುವುದೆಂದು ಗೊತ್ತುಮಾಡಿ, ಆ ದಿನಾಂಕಗಳನ್ನು ಆಯಾ ಡ್ರೈವ್‌ನ ಬೆನ್ನ ಮೇಲೆ ಚೀಟಿಯಲ್ಲಿ ಬರೆದು ಅಂಟಿಸಿದ್ದೇವೆ.